ದೇವರಮನೆ ಗೋಡೆಯ ಗುದ್ದು: ಮೈಸೂರಿನ ಒಂದು ಮನೆಯ ವಾಟರ್ ಹ್ಯಾಮರ್ ಪ್ರಕರಣ

ಮನೆ, ಪೈಪು, ಪಂಪು

ಪೈಪಿನಲ್ಲಿ ಓಡುತ್ತಿದ್ದ ನೀರು ದಿಢೀರನೆ ನಿಂತಾಗ ಬೀಳುವ ಹೊಡೆತಕ್ಕೆ ವಾಟರ್ ಹ್ಯಾಮರ್ ಅನ್ನುತ್ತಾರೆ. ಇದು ಮೈಸೂರಿನ ಹಳೇ ಬಡಾವಣೆಯೊಂದರ 30×40 ಸೈಟಿನ ಮನೆ. ಕೆಳಗೊಂದು, ಮೇಲೊಂದು ಅಂತಸ್ತು. ಕಟ್ಟಿ 25 ವರ್ಷದ ಮೇಲಾಗಿದೆ. ಮನೆಯವರ ಮತ್ತು ಕೆಲಸದವರ ಗುರುತನ್ನು ಇಲ್ಲಿ ಬಿಟ್ಟಿದೆ.

ನೀರಿನ ದಾರಿ ಊರಿನ ಬಹುತೇಕ ಮನೆಗಳದ್ದೇ. ಕಾರ್ಪೊರೇಷನ್ ನೀರು ಸಂಪಿಗೆ ಬೀಳುತ್ತದೆ. ಸಂಪಿನಿಂದ 1 ಎಚ್‌ಪಿ ಮಾನೋಬ್ಲಾಕ್ ಮೋಟಾರು 1 ಇಂಚಿನ ಯುಪಿವಿಸಿ ಪೈಪಿನಲ್ಲಿ ಮೆಟ್ಟಿಲ ತಲೆಯ ಮೇಲಿರುವ 1000 ಲೀಟರ್ ಟ್ಯಾಂಕಿಗೆ ನೀರು ಏರಿಸುತ್ತದೆ. ಟ್ಯಾಂಕಿನಿಂದ ಮುಕ್ಕಾಲು ಇಂಚಿನ ಹಳೇ ಜಿಐ (ಸತು ಬಳಿದ ಕಬ್ಬಿಣದ) ಪೈಪು ಡಕ್ಟಿನೊಳಗೆ ಕೆಳಗಿಳಿಯುತ್ತದೆ. ಕೆಳಗಿನ ಅಂತಸ್ತಿನಲ್ಲಿ ಆ ಜಿಐನಿಂದ ಒಂದು ಟೀ ತೆಗೆದು ಅರ್ಧ ಇಂಚಿನ ಸಿಪಿವಿಸಿ (ಪ್ಲಾಸ್ಟಿಕ್) ಪೈಪನ್ನು ದೇವರಮನೆಯ ಗೋಡೆಯೊಳಗೆ ಗ್ರೂವ್ ಹೊಡೆದು ಸುಮಾರು 7 ಮೀಟರ್ ಎಳೆದು, ಹಿಂಭಾಗದ ಯುಟಿಲಿಟಿಯಲ್ಲಿರುವ ವಾಷಿಂಗ್ ಮೆಷೀನಿಗೆ ಕೊಟ್ಟಿದ್ದಾರೆ.

ಮೇಲಿನ ಬಚ್ಚಲನ್ನು ಹೊಸದಾಗಿ ಮಾಡಿಸಿದಾಗ ದೊಡ್ಡ ತಲೆಯ ಶವರ್ ಹಾಕಿಸಿದರು. ಟ್ಯಾಂಕಿನ ನೀರು ಶವರಿಗಿಂತ 4 ಮೀಟರ್ ಚಿಲ್ಲರೆ ಎತ್ತರದಲ್ಲಿದೆ ಅಷ್ಟೆ. 10 ಮೀಟರ್ ಎತ್ತರಕ್ಕೆ (ಚದರ ಸೆಂಟಿಮೀಟರಿಗೆ) 1 ಕೆಜಿ ಒತ್ತಡ ಅಂತ ಲೆಕ್ಕ ಹಿಡಿದರೆ ಅರ್ಧ ಕೆಜಿಯೂ ಆಗಲಿಲ್ಲ. ಶವರಿನಿಂದ ನೀರು ಸುರಿಯುವ ಬದಲು ತೊಟ್ಟಿಕ್ಕಿತು. ಅದಕ್ಕೆ ತಾರಸಿಯ ಮೇಲೆ ಅರ್ಧ ಎಚ್‌ಪಿ ಪ್ರೆಷರ್ ಪಂಪು ಬಂತು. ಜೊತೆಗೆ 8 ಲೀಟರಿನ ಪ್ರೆಷರ್ ಟ್ಯಾಂಕು, 20–40 ಪಿಎಸ್‌ಐಗೆ ಸೆಟ್ ಮಾಡಿದ ಸ್ವಿಚ್ಚು (20ಕ್ಕಿಳಿದರೆ ಪಂಪು ಏಳುತ್ತದೆ, 40ಕ್ಕೇರಿದರೆ ನಿಲ್ಲುತ್ತದೆ; 14 ಪಿಎಸ್‌ಐ ಅಂದರೆ ಸುಮಾರು 1 ಕೆಜಿ), ಪಂಪಿನ ಬಾಯಿಗೆ, ನೀರನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಎನ್‌ಆರ್‌ವಿ. ಶವರಿಗೆ ಮಾತ್ರ ಕೊಡಬಹುದಿತ್ತು, ಆದರೆ ಇಡೀ ಮನೆಯ ಪೈಪಿಗೇ ಕೊಟ್ಟರು. ಮುಂದಿನ ಕಥೆಯ ಅರ್ಧ ಪಾಲು ಇಲ್ಲೇ ಹುಟ್ಟಿತು.

ಸದ್ದು

ಪಂಪು ಕೂತ ವಾರದೊಳಗೆ ದೇವರಮನೆಯ ಗೋಡೆಯಲ್ಲಿ ದಡ್, ದಡ್, ದಡ್ ಅಂತ ಮೂರು ಗುದ್ದು ಕೇಳಲು ಶುರುವಾಯಿತು. ಮೇಲಿನ ರೂಮಿನಲ್ಲಿ ಮಲಗಿದವರಿಗೂ ಅದೇ ಸದ್ದು, ಅವರ ತಲೆದೆಸೆಯ ಗೋಡೆಯಿಂದ. ಎರಡು ತಿಂಗಳು ಕಳೆಯುವಷ್ಟರಲ್ಲಿ ದೇವರಮನೆಯ ಗೋಡೆಗೆ ಬಳಿದ ಬಣ್ಣ ಅಂಗೈಯಗಲ ಉಬ್ಬಿತು. ಒತ್ತಿದರೆ ಒಳಗೆ ತೇವ. ಬೆಳಗಿನ ಜಾವ ಸಂಪಿನ ಕಡೆಯಿಂದ ಡರ್ರ್ ಅನ್ನುವ ಸದ್ದು ಬೇರೆ. ಎಲ್ಲವನ್ನೂ ಸೇರಿಸಿ ಮನೆಯವರು "ಪೈಪು ಬಡ್ಕೋತದೆ" ಅನ್ನುತ್ತಿದ್ದರು. ದೂರು ಒಂದೇ ಆದ್ದರಿಂದ ಕಾರಣವೂ ಒಂದೇ ಅಂತ ಎಲ್ಲರೂ ಎಣಿಸಿದರು.

ಮೊದಲ ನಾಲ್ಕು ಪ್ರಯತ್ನ

ಮೊದಲು ಬಂದ ಪ್ಲಂಬರ್ ಸಂಪಿನ ಮೋಟಾರಿನ ಎನ್‌ಆರ್‌ವಿ ಹಳೆಯದಾಗಿದೆ ಅಂತ ಹೊಸದು ಹಾಕಿದರು. ಹಳೆಯದೂ ಹೊಸದೂ ಒಂದೇ ಜಾತಿ: ಒಳಗೆ ಬಾಗಿಲಿನ ಹಾಗೆ ತೂಗಾಡುವ ತಟ್ಟೆಯ ಸ್ವಿಂಗ್ ವಾಲ್ವ್. ಇರಲಿ ಅಂತ ಅದೇ ಪೈಪಿನ ತುದಿಯಲ್ಲಿ, ಟ್ಯಾಂಕಿನ ಹತ್ತಿರ ಇನ್ನೊಂದು ಎನ್‌ಆರ್‌ವಿಯನ್ನೂ ಕೂರಿಸಿ ಹೋದರು. ಗೋಡೆಯ ಗುದ್ದು ಕಮ್ಮಿಯಾಗಲಿಲ್ಲ.

ಎರಡನೆಯವರು ಗೋಡೆಗೆ ಕಿವಿಯಿಟ್ಟು ಕೇಳಿ, "ಗ್ವಾಡೆ ಒಡೀದೆ ಗೊತ್ತಾಗಕಿಲ್ಲ ಕಣಮ್ಮ" ಅಂದರು. ಮನೆಯಾಕೆ ಒಪ್ಪಲಿಲ್ಲ. "ಏನಿದೆ ಅಂತ ಗೊತ್ತಿಲ್ದೆ ದೇವರಮನೆ ಒಡೆಸಕ್ಕಾಗಲ್ಲಪ್ಪ" ಅಂದ ಆ ಒಂದು ಮಾತು ಈ ಪ್ರಕರಣದಲ್ಲಿ ತುಂಬ ಖರ್ಚು ಉಳಿಸಿತು.

ಮೂರನೆಯ ಸಲ ಡಕ್ಟಿನ ಗೇಟ್ ವಾಲ್ವನ್ನು ಅರ್ಧ ತಿರುಗಿಸಿದರು. ಗುದ್ದು ಇಳಿಯಿತು. ಕೆಳಗಿನ ನಲ್ಲಿಗಳೂ ಸಣ್ಣಗಾದವು. ವಾರ ನೋಡಿ ವಾಲ್ವನ್ನು ಮತ್ತೆ ಪೂರ್ತಿ ತೆಗೆದರು.

ನಾಲ್ಕನೆಯದು ಏರ್ ಚೇಂಬರ್. ಮೆಷೀನಿನ ಕಾಕಿನ ಪಕ್ಕ ಒಂದು ಟೀ ಹಾಕಿ, ಅರ್ಧ ಇಂಚಿನ ಪೈಪನ್ನು 30 ಸೆಂಟಿಮೀಟರ್ ಮೇಲಕ್ಕೆ ನಿಲ್ಲಿಸಿ, ತುದಿಗೆ ಎಂಡ್ ಕ್ಯಾಪ್ ಒತ್ತಿದರು. ಒಳಗೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗಿನ ಹಾಗೆ ಕುಗ್ಗಿ ಹೊಡೆತ ತಿನ್ನುತ್ತದೆ ಅನ್ನುವುದು ಲೆಕ್ಕ. ಮನೆ ಅವತ್ತೇ ತಣ್ಣಗಾಯಿತು. ಮೂರು ವಾರ ಕಳೆದ ಮೇಲೆ ಗುದ್ದು ಮೊದಲಿನ ಹಾಗೇ ವಾಪಸ್ಸು.

ಮನೆಯವರಿಗೆ ಇದು ನಾಲ್ಕನೆಯ ಸೋಲು. ಆದರೆ ಅಲ್ಲಿಯ ತನಕ ಸಿಕ್ಕಿದ್ದರಲ್ಲಿ ಗಟ್ಟಿಯಾದ ಸುಳಿವು ಅದೇ. ಕ್ಲಾಂಪ್ ಸಡಿಲವಾಗಿದ್ದೇ ಮೂಲವಾಗಿದ್ದರೆ ಅಥವಾ ಪಂಪಿನ ಬೇರಿಂಗ್ ಹೋಗಿದ್ದರೆ, ಒಂದು ಅಡಿ ಪೈಪಿನೊಳಗಿನ ಗಾಳಿಯಿಂದ ಸದ್ದು ನಿಲ್ಲುತ್ತಿರಲಿಲ್ಲ. ಗಾಳಿ ಇದ್ದಷ್ಟು ದಿನ ಶಾಂತಿ, ಗಾಳಿ ಹೋದ ಮೇಲೆ ಸದ್ದು. ಅಂದರೆ ಗೋಡೆಯ ಗುದ್ದು ವಾಟರ್ ಹ್ಯಾಮರೇ. ರೋಗ ಸರಿಯಾಗಿ ಹಿಡಿದಿದ್ದರು, ಔಷಧಿಗೆ ಬಾಳಿಕೆ ಇರಲಿಲ್ಲ. ಪಂಪಿನ ಒತ್ತಡಕ್ಕೆ ಎತ್ತರದ್ದೂ ಸೇರಿ 3 ಕೆಜಿ ದಾಟಿದ ಒತ್ತಡದಲ್ಲಿ ಆ 30 ಸೆಂಟಿಮೀಟರ್ ಗಾಳಿ ಮೊದಲ ದಿನವೇ ಕುಗ್ಗಿ 7 ಸೆಂಟಿಮೀಟರಿನಷ್ಟಾಗುತ್ತದೆ. ಉಳಿದಿದ್ದನ್ನು ನೀರು ದಿನಾ ಸ್ವಲ್ಪ ಸ್ವಲ್ಪ ಕರಗಿಸಿಕೊಂಡು ಹೋಗುತ್ತದೆ. ನೀರಿಗೂ ಗಾಳಿಗೂ ನಡುವೆ ತಡೆ ಇಲ್ಲದ ಯಾವ ಏರ್ ಚೇಂಬರಿಗೂ ಇದೇ ಗತಿ.

ನೋಟ್‌ಬುಕ್ಕು

ಐದನೆಯ ಸಲ ಬಂದವರು ಸ್ಪ್ಯಾನರ್ ಮುಟ್ಟುವ ಮೊದಲು ಮನೆಯಾಕೆಗೆ ಒಂದು ಕೆಲಸ ಹೇಳಿದರು: ಒಂದು ವಾರ, ಪ್ರತಿ ಸದ್ದಿಗೂ ನಾಲ್ಕು ವಿಷಯ ಬರೆದಿಡಿ. ಎಷ್ಟು ಗಂಟೆ, ಒಂದೇ ಗುದ್ದೋ ಸಾಲುಗುದ್ದೋ, ಆ ಗಳಿಗೆಯಲ್ಲಿ ಏನು ನಿಂತಿತು ಅಥವಾ ಶುರುವಾಯಿತು, ಸಂಪಿನ ಮೋಟಾರು, ಮೇಲಿನ ಪಂಪು ಓಡುತ್ತಿದ್ದವೋ ಇಲ್ಲವೋ. ಎಲ್ಲಿಂದ ಕೇಳಿತು ಅನ್ನುವುದನ್ನು ಬೇಕೆಂದೇ ಬಿಟ್ಟರು. ಲೋಹದ ಪೈಪು ಸದ್ದನ್ನು ಇಡೀ ಮನೆಗೆ ಹಂಚುತ್ತದೆ. ಕಿವಿ ತೋರಿಸುವ ಜಾಗ ಹೆಚ್ಚಾಗಿ ಸಡಿಲವಾದ ಕ್ಲಾಂಪಿನದು, ಹೊಡೆತ ಹುಟ್ಟಿದ ಜಾಗದ್ದಲ್ಲ. ಹೊತ್ತು ಸುಳ್ಳು ಹೇಳುವುದಿಲ್ಲ. ಯಾವುದು ಮುಚ್ಚಿಕೊಂಡಾಗ ಗುದ್ದು ಬಿತ್ತೋ ಅದರ ಹಿಂದೆ ಹೋದರೆ ಸಾಕು.

ವಾರದ ಕೊನೆಗೆ ಪುಟದಲ್ಲಿ ಸದ್ದುಗಳು ತಾವೇ ಬೇರೆಯಾದವು.

ಸಾಲಾಗಿ ಮೂರು ಗುದ್ದು ಬಿದ್ದಾಗಲೆಲ್ಲ ಮೆಷೀನು ನೀರು ತುಂಬಿಸಿಕೊಂಡು ನಿಲ್ಲಿಸಿದ ಗಳಿಗೆ. ಒಂದೇ ಒಂದು ದಪ್ಪ ಗುದ್ದು ಬಿದ್ದಾಗ ಸಂಪಿನ ಮೋಟಾರು ಆಫ್ ಆದ ಗಳಿಗೆ. ಬಹುಶಃ ಅದು ವರ್ಷಗಳಿಂದ ಇದ್ದದ್ದೇ. ಗೋಡೆಯ ಸದ್ದಿಗೆ ಕಿವಿ ಚುರುಕಾದ ಮೇಲೆ ಕೇಳತೊಡಗಿತು. ಬೆಳಗಿನ ಡರ್ರ್ ಅನ್ನುವುದು ಸಂಪು ತುಂಬುತ್ತಾ ಬಂದು ಬಾಲ್ ಕಾಕ್ ಮುಚ್ಚಿಕೊಳ್ಳುವ ಹೊತ್ತಿನದು. ಯಾರೂ ಹೇಳದಿದ್ದ ನಾಲ್ಕನೆಯದೂ ಒಂದಿತ್ತು: ಮೋಟಾರು ಆನ್ ಮಾಡಿದ ಕೂಡಲೇ, ಕೆಲವು ದಿನ ಮಾತ್ರ, ತಾರಸಿಯ ಕಡೆಯಿಂದ ಒಂದು ಗುದ್ದು. ಅದು ಮೊದಲನೆಯ ಪ್ಲಂಬರ್ ಬಂದುಹೋದ ಮೇಲೆ ಶುರುವಾದದ್ದು ಅಂತ ಮನೆಯಾಕೆಗೆ ಬರೆಯುವಾಗ ಹೊಳೆಯಿತು.

ಪುಟದ ಅಂಚಿನಲ್ಲಿ ಕೇಳದೆ ಬರೆದ ಒಂದು ಸಾಲೂ ಇತ್ತು: "ಎರಡು ಚೊಂಬು ನೀರು ಹಿಡಿದರೂ ಮೇಲಿನ ಪಂಪು ಎದ್ದೇಳುತ್ತೆ."

ಮೆಷೀನಿನ ಲೆಕ್ಕ

ಮೊದಲು ಪರೀಕ್ಷೆ. ಪ್ರೆಷರ್ ಪಂಪನ್ನು ಆಫ್ ಮಾಡಿ ಬೈಪಾಸ್ ತೆರೆದು, ಟ್ಯಾಂಕಿನ ನೀರಿನಲ್ಲೇ ಮೆಷೀನು ತುಂಬಿಸಿದರು. 45 ಲೀಟರಿಗೆ 9 ನಿಮಿಷ, ಕೊನೆಗೆ ಟಕ್ ಅನ್ನುವ ಸಣ್ಣ ಸದ್ದು. ಪಂಪು ಹಾಕಿ ತುಂಬಿಸಿದಾಗ 4 ನಿಮಿಷ, ಗೋಡೆ ನಡುಗುವ ಮೂರು ಗುದ್ದು. ಮೆಷೀನಿನ ಕಾಕನ್ನು ಅರ್ಧ ಮುಚ್ಚಿ ಪಂಪು ಹಾಕಿದಾಗ ಮತ್ತೆ ಟಕ್. ಹರಿವಿನ ವೇಗದ ಜೊತೆಗೇ ಗುದ್ದು ಏರುತ್ತದೆ, ಇಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

4 ನಿಮಿಷಕ್ಕೆ 45 ಲೀಟರ್ ಅಂದರೆ ನಿಮಿಷಕ್ಕೆ 11 ಲೀಟರಿನಷ್ಟು. ಅರ್ಧ ಇಂಚಿನ ಎಸ್‌ಡಿಆರ್ 11 (ಪೈಪಿನ ದಪ್ಪದ ದರ್ಜೆ) ಸಿಪಿವಿಸಿಯ ಒಳವ್ಯಾಸ 12.4 ಮಿಲಿಮೀಟರ್ ಆಸುಪಾಸು. ಅದರೊಳಗೆ ಈ ನೀರು ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಓಡುತ್ತದೆ. ಮೆಷೀನಿನೊಳಗೆ ಕರೆಂಟಿನಿಂದ ತೆರೆದು ಮುಚ್ಚುವ ಸೋಲೆನಾಯ್ಡ್ ವಾಲ್ವ್ ರೆಪ್ಪೆ ಬಡಿಯುವಷ್ಟರಲ್ಲಿ ಮುಚ್ಚುತ್ತದೆ. ಓಡುತ್ತಿದ್ದ ನೀರು ದಿಢೀರನೆ ನಿಂತಾಗ ಏಳುವ ಹೆಚ್ಚುವರಿ ಒತ್ತಡ ಎಷ್ಟು ಅನ್ನುವುದಕ್ಕೆ ರಷ್ಯಾದ ವಿಜ್ಞಾನಿ ನಿಕೊಲಾಯ್ ಜುಕೋವ್‌ಸ್ಕಿ ಮಾಸ್ಕೋದ ನೀರಿನ ಪೈಪುಗಳ ಮೇಲೆ ಪ್ರಯೋಗ ಮಾಡಿ 1898ರಲ್ಲಿ ಕೊಟ್ಟ ಸೂತ್ರವೇ ಇವತ್ತಿಗೂ ಆಧಾರ: ನೀರಿನ ಸಾಂದ್ರತೆ, ಪೈಪಿನೊಳಗೆ ಒತ್ತಡದ ಅಲೆಯ ವೇಗ, ನಿಂತುಹೋದ ಹರಿವಿನ ವೇಗ, ಈ ಮೂರರ ಗುಣಲಬ್ಧ. ಈ ಗಾತ್ರದ ಸಿಪಿವಿಸಿಯಲ್ಲಿ ಅಲೆಯ ವೇಗ ಸೆಕೆಂಡಿಗೆ 600 ಮೀಟರಿಗೆ ಹತ್ತಿರ. ಗುಣಿಸಿದರೆ ಗರಿಷ್ಠ 9 ಕೆಜಿ. ಮೊದಲೇ ಇದ್ದ 3 ಕೆಜಿ ಚಿಲ್ಲರೆ ಸೇರಿದರೆ 12ರ ಆಸುಪಾಸು. ಜಿಐ ಪೈಪು ಗಡಸು, ಅದರಲ್ಲಿ ಅಲೆ ಸೆಕೆಂಡಿಗೆ 1300–1400 ಮೀಟರ್ ಓಡುತ್ತದೆ. ಅದೇ ವೇಗದ ನೀರಿಗೆ ಹೊಡೆತ ಎರಡರಷ್ಟಕ್ಕಿಂತ ಹೆಚ್ಚು. ಶಿವನಸಮುದ್ರದಂಥ ಜಲವಿದ್ಯುತ್ ಕೇಂದ್ರಗಳಲ್ಲಿ ಟರ್ಬೈನಿಗೆ ಹೋಗುವ ನೀರನ್ನು ಒಮ್ಮೆಗೇ ಕಡಿಯದೆ ನಿಧಾನವಾಗಿ ಮುಚ್ಚುವುದೂ ಇದೇ ಲೆಕ್ಕದ ಮೇಲೆ.

(ಕಾಕಿಗೆ 7 ಕೆಜಿಯ ಸಾದಾ ಗೇಜು ಕಟ್ಟಿ ನೋಡಿದ್ದರು. ಮುಳ್ಳು ಚಿಮ್ಮಿ ತುದಿಗೆ ಬಡಿಯಿತು. ಇಷ್ಟು ಕ್ಷಣಿಕ ಹೊಡೆತವನ್ನು ಮುಳ್ಳಿನ ಗೇಜು ಸರಿಯಾಗಿ ಅಳೆಯುವುದಿಲ್ಲ. ಇದೆಯೋ ಇಲ್ಲವೋ ಅಂತ ಹೇಳಬಲ್ಲದು, ಅಷ್ಟೆ.)

ಎಸ್‌ಡಿಆರ್ 11 ಸಿಪಿವಿಸಿ ತಣ್ಣೀರಿಗೆ 28 ಕೆಜಿ ತಡೆಯುತ್ತದೆ, ಹಾಗಾಗಿ 12ಕ್ಕೆ ಪೈಪು ಒಡೆಯುವುದಿಲ್ಲ. ಸೋಲುವುದು ಹಿತ್ತಾಳೆ ಮರೆ (ಥ್ರೆಡ್) ಇರುವ ಎಲ್ಬೋ ಜಾಯಿಂಟು, ದಿನಕ್ಕೆ ನಾಲ್ಕಾರು ಸಲ ಏಟು ತಿಂದು ತಿಂದು. ಬಣ್ಣ ಉಬ್ಬಿದ ಜಾಗದ ಹಿಂದೆ ಇದ್ದದ್ದು ಅಂಥದೇ ಒಂದು. ಬಿಸಿನೀರಿನ ಪೈಪಾಗಿದ್ದರೆ ಮಾತು ಬೇರೆ: 82 ಡಿಗ್ರಿಯಲ್ಲಿ ಅದೇ ಸಿಪಿವಿಸಿಯ ತಡೆ 7 ಕೆಜಿಗೆ ಇಳಿಯುತ್ತದೆ.

ಪಂಪು ಬರುವ ಮೊದಲು ಇದೇ ಮೆಷೀನು, ಇದೇ ಪೈಪು. ಪಂಪು ವೇಗ ಹೆಚ್ಚಿಸಿದ್ದು ಒಂದು. ಇನ್ನೊಂದು, ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದ್ದು: ಪಂಪಿನ ಬಾಯಿಯ ಎನ್‌ಆರ್‌ವಿ. ಮೊದಲು ಹೊಡೆತದ ಅಲೆ ಪೈಪು ಹತ್ತಿ ತೆರೆದ ಟ್ಯಾಂಕಿನಲ್ಲಿ ಇಳಿದುಹೋಗುತ್ತಿತ್ತು. ಈಗ ಆ ಬಾಗಿಲು ಮುಚ್ಚಿದೆ. ಅಲೆ ಎರಡು ಗೋಡೆಗಳ ನಡುವಿನ ಚೆಂಡಿನ ಹಾಗೆ ಓಡಾಡುತ್ತದೆ. ಮೂರು ಗುದ್ದು ಬೀಳುವುದು ಅದಕ್ಕೇ. ಅಲ್ಲಿ ಅದನ್ನು ಅಷ್ಟಿಷ್ಟಾದರೂ ನುಂಗಬೇಕಾಗಿದ್ದದ್ದು 8 ಲೀಟರಿನ ಪ್ರೆಷರ್ ಟ್ಯಾಂಕು. ಎರಡು ಚೊಂಬಿನ ಸಾಲು ನೋಡಿದ ಮೇಲೆ ಅದರ ಗಾಳಿ ಪರೀಕ್ಷಿಸಿದರು: ಪಂಪು ಆಫ್, ಒಂದು ನಲ್ಲಿ ತೆರೆದು ಒತ್ತಡ ಪೂರ್ತಿ ಇಳಿಸಿ, ಟ್ಯಾಂಕಿನ ತಲೆಯ ಕ್ಯಾಪ್ ಬಿಚ್ಚಿ ಟೈರಿನ ಗೇಜು ಒತ್ತಿದರೆ ಸೊನ್ನೆ. ಪಿನ್ನು ಒತ್ತಿದಾಗ ನೀರು ಬಂದಿದ್ದರೆ ಒಳಗಿನ ರಬ್ಬರ್ ಚೀಲ ಹರಿದಿದೆ ಅಂತ ಅರ್ಥ. ಇಲ್ಲಿ ನೀರು ಬರಲಿಲ್ಲ. ಚೀಲ ಚೆನ್ನಾಗಿದೆ, ಗಾಳಿ ಮಾತ್ರ ಹೋಗಿದೆ.

ರಿಪೇರಿಯ ಸರದಿ

ಇಲ್ಲಿ ಒಂದು ತೀರ್ಮಾನ ಮುಖ್ಯವಾಗಿತ್ತು: ಸೋರುವ ಎಲ್ಬೋ ಮೊದಲೋ, ಹೊಡೆತ ಮೊದಲೋ. ತೇವ ಕಣ್ಣೆದುರಿಗಿದ್ದಾಗ ಕೈ ಅಲ್ಲಿಗೇ ಹೋಗುತ್ತದೆ. ಆದರೆ ಹೊಡೆತ ನಿಲ್ಲಿಸದೆ ಹೊಸ ಎಲ್ಬೋ ಹಾಕಿದರೆ ಅದೂ ಅದೇ ಏಟು ತಿನ್ನುತ್ತದೆ. ಸಾಮಾನು ಬರುವ ತನಕ ಹತ್ತು ದಿನ ಮೆಷೀನಿನ ಕಾಕನ್ನು ಅರ್ಧ ಮುಚ್ಚಿ ನಡೆಸಿದರು. ನಿಜ ಹೇಳಬೇಕೆಂದರೆ ಸಣ್ಣ ಗುದ್ದಿನ ಎಷ್ಟೋ ಮನೆಗಳಲ್ಲಿ ಅಷ್ಟೇ ಸಾಕು, ಕಾಸೂ ಖರ್ಚಿಲ್ಲ. ಇಲ್ಲಿ ಅದನ್ನು ಕಾಯಂ ಮಾಡಲಿಲ್ಲ; ಇನ್ನೂ ಚೂರು ಮುಚ್ಚಿದರೆ ಮೆಷೀನು ನೀರು ಸಾಲದು ಅಂತ ಎರರ್ ತೋರಿಸಿ ನಿಲ್ಲುತ್ತಿತ್ತು.

ಮೊದಲ ದಿನ ಪಂಪು. ಸ್ವಿಚ್ಚನ್ನು 20–40ರಿಂದ 18–32 ಪಿಎಸ್‌ಐಗೆ ಇಳಿಸಿದರು. ಶವರಿಗೆ ಏನೂ ಕಮ್ಮಿಯಾಗಲಿಲ್ಲ. ಪ್ರೆಷರ್ ಟ್ಯಾಂಕಿಗೆ ಸೈಕಲ್ ಪಂಪಿನಲ್ಲಿ 16 ಪಿಎಸ್‌ಐ ಗಾಳಿ. ಪಂಪು ಎದ್ದೇಳುವ ಒತ್ತಡಕ್ಕಿಂತ 2 ಪಿಎಸ್‌ಐ ಕಡಿಮೆ ಅನ್ನುವುದು ಅಳತೆ. ಗಾಳಿಯನ್ನು ಖಾಲಿ ಟ್ಯಾಂಕಿಗೇ ಹಾಕಬೇಕು. ಒಳಗೆ ನೀರಿನ ಒತ್ತಡ ಇರುವಾಗ ಗೇಜು ತೋರಿಸುವುದು ನೀರಿನದ್ದು. ಮೊದಲು ಒಂದು ಲೀಟರಿಗೇ ಏಳುತ್ತಿದ್ದ ಪಂಪು ಈಗ ಎರಡು ಲೀಟರ್ ದಾಟಿದ ಮೇಲೆ ಎದ್ದಿತು.

ಎರಡನೆಯದು ಹೊಡೆತ ನುಂಗುವ ಅರೆಸ್ಟರ್. ಹಿತ್ತಾಳೆಯ ಸಣ್ಣ ಕೊಳವೆ, ಒಳಗೆ ರಬ್ಬರ್ ರಿಂಗಿನ ಪಿಸ್ಟನ್, ಅದರ ಹಿಂದೆ ಕಾಯಂ ಆಗಿ ಮುಚ್ಚಿದ ಗಾಳಿ. ಪಿಸ್ಟನ್ ನಡುವೆ ಇರುವುದರಿಂದ ನೀರು ಗಾಳಿಯನ್ನು ಕರಗಿಸಲಾರದು. ಚಿಕ್ಕ ಅಂಗಡಿಗಳಲ್ಲಿ ಸಿಗಲಿಲ್ಲ, ಎಎಸ್‌ಎಸ್‌ಇ 1010 (ಅರೆಸ್ಟರುಗಳ ಅಮೆರಿಕನ್ ಮಾನದಂಡ) ಗುರುತು ನೋಡಿ ತರಿಸಿದರು. ಜಾಗ ಮುಖ್ಯ: ಬೇಗ ಮುಚ್ಚುವ ವಾಲ್ವಿಗೆ ಆದಷ್ಟು ಹತ್ತಿರ, ಹೆಚ್ಚೆಂದರೆ 2 ಮೀಟರಿನೊಳಗೆ. ಇಲ್ಲಿ ಕಾಕಿಗೂ ಮೆಷೀನಿನ ಹೋಸಿಗೂ ನಡುವೆ ಟೀ ಹಾಕಿ ತಿರುಗಿಸಿದರು. ನಿಂತಿದ್ದರೂ ಮಲಗಿದ್ದರೂ ಪಿಸ್ಟನ್ ಕೆಲಸ ಮಾಡುತ್ತದೆ. ಹಳೇ ಏರ್ ಚೇಂಬರನ್ನು ಕಿತ್ತರು. ನೀರು ತುಂಬಿ ನಿಂತ ಆ ಮೊಟಕು ಪೈಪಿನಿಂದ ಉಪಯೋಗವೂ ಇರಲಿಲ್ಲ, ನಿಂತ ನೀರು ಒಳ್ಳೆಯದೂ ಅಲ್ಲ. ಅರೆಸ್ಟರ್ ಸಿಗದ ಕಡೆ ಏರ್ ಚೇಂಬರನ್ನೇ ಇಡಬೇಕಾದರೆ ಅದರ ಬುಡಕ್ಕೊಂದು ಬಾಲ್ ವಾಲ್ವ್, ಪಕ್ಕಕ್ಕೊಂದು ಡ್ರೈನ್ ಕಾಕ್, ತಲೆಗೆ ಬಿಚ್ಚಬರುವ ಕ್ಯಾಪ್ ಇರಬೇಕು. ತಿಂಗಳಿಗೊಮ್ಮೆ ವಾಲ್ವ್ ಮುಚ್ಚಿ, ನೀರು ಬಸಿದು, ಗಾಳಿ ತುಂಬಿಕೊಳ್ಳಲು ಬಿಡಬೇಕು.

ಡಕ್ಟಿನಲ್ಲಿ ಜಿಐ ಪೈಪಿನ ಎರಡು ಕ್ಲಾಂಪು ತುಕ್ಕು ಹಿಡಿದು ಗೋಡೆ ಬಿಟ್ಟಿದ್ದವು. ಮೇಲಿನ ರೂಮಿನ ತಲೆದೆಸೆಯ ಸದ್ದು ಅದರದ್ದೇ. ರಬ್ಬರ್ ಒಳಪದರದ ಕ್ಲಾಂಪ್ ಹಾಕಿ ಬಿಗಿದರು. ಯುಟಿಲಿಟಿಯಲ್ಲಿ ಹೊರಗೆ ಕಾಣುವ ಸಿಪಿವಿಸಿಗೆ 3 ಅಡಿಗೊಂದು ಕ್ಲಾಂಪ್, ಆದರೆ ಅಷ್ಟು ಬಿಗಿಯಲ್ಲ. ಬಿಸಿಲಿಗೆ ಹಿಗ್ಗುವ ಪೈಪು ಕ್ಲಾಂಪಿನೊಳಗೆ ಜಾರಬೇಕು.

ಒಂದು ವಾರ ಕಾದು, ಗುದ್ದು ಇಲ್ಲ ಅನ್ನುವುದು ಖಚಿತವಾದ ಮೇಲೆ ಗೋಡೆ ಒಡೆದರು. ಉಬ್ಬಿದ ಜಾಗದಲ್ಲಿ ಮಾತ್ರ, ಒಂದು ಟೈಲ್ಸಿನಷ್ಟು. ಎಲ್ಬೋ ಬದಲಿಸಿ, ಮರೆಗೆ ಟೆಫ್ಲಾನ್ ಟೇಪಿನ ಎಂಟು ಹತ್ತು ಸುತ್ತು. ಎಣ್ಣೆ ಬೆರೆತ ಪೇಸ್ಟು ಹಚ್ಚಲಿಲ್ಲ, ಅದು ಸಿಪಿವಿಸಿಯನ್ನು ತಿಂದು ಬಿರುಕು ಬಿಡಿಸಬಲ್ಲದು. ಪೈಪು ಅಂಟಿಸುವ ಸಾಲ್ವೆಂಟ್ ಒಣಗಲು ಒಂದು ರಾತ್ರಿ ಬಿಟ್ಟು, ಮೆಷೀನು ಬಿಚ್ಚಿ, ಕೈಪಂಪಿನಲ್ಲಿ 10 ಕೆಜಿ ಒತ್ತಡ ಹಾಕಿ ಒಂದು ಗಂಟೆ ನೋಡಿ, ಆಮೇಲೆ ಸಿಮೆಂಟು ಮುಚ್ಚಿದರು.

ಮೋಟಾರಿನ ಗುದ್ದುಗಳು

ಮೊದಲನೆಯ ಪ್ಲಂಬರ್ ಹುಡುಕಿದ ಜಾಗ ತಪ್ಪಲ್ಲ; ಅವರು ಬೇರೆ ಸದ್ದಿನ ಔಷಧಿ ಕೊಟ್ಟರು, ಅದನ್ನೂ ತಪ್ಪು ಜಾತಿಯದ್ದು.

ಮೋಟಾರು ನಿಂತಾಗ ಮೇಲೇರುತ್ತಿದ್ದ ನೀರಿನ ಕಂಬ ಕಾಲು ಸೆಕೆಂಡಿನಲ್ಲಿ ನಿಂತು ವಾಪಸ್ಸು ತಿರುಗುತ್ತದೆ. ತೂಗಾಡುವ ತಟ್ಟೆ ಅಷ್ಟು ಬೇಗ ಕೂರುವುದಿಲ್ಲ. ಕೆಳಗೆ ಬೀಳುವ ನೀರೇ ಅದನ್ನು ಎಳೆದು ಬಡಿಯುತ್ತದೆ. ಬೇಕಾಗಿದ್ದದ್ದು ಸ್ಪ್ರಿಂಗ್ ಇರುವ ಎನ್‌ಆರ್‌ವಿ: ಹರಿವು ನಿಲ್ಲುತ್ತಿದ್ದ ಹಾಗೆ, ನೀರು ತಿರುಗುವ ಮೊದಲೇ ಸ್ಪ್ರಿಂಗ್ ತಟ್ಟೆಯನ್ನು ಕೂರಿಸುತ್ತದೆ. 1 ಇಂಚಿನ ಹಿತ್ತಾಳೆಯದನ್ನು ಮೋಟಾರಿನ ಮೇಲೆ ಯೂನಿಯನ್ ಸಮೇತ ಹಾಕಿದರು. ಟ್ಯಾಂಕು ತುಂಬಲು 18 ನಿಮಿಷ ಹಿಡಿಯುತ್ತಿದ್ದದ್ದು 19 ಆಯಿತು.

ಆನ್ ಮಾಡಿದಾಗಿನ ಗುದ್ದು ಟ್ಯಾಂಕಿನ ಬಳಿ ಇರಲಿ ಅಂತ ಕೂರಿಸಿದ ಎನ್‌ಆರ್‌ವಿಯ ಕೊಡುಗೆ. ಕೆಳಗಿನ ಫುಟ್‌ವಾಲ್ವ್ (ಸಂಪಿನೊಳಗಿನ ಪೈಪಿನ ತುದಿಯ ವಾಲ್ವ್) ಸ್ವಲ್ಪ ಸೋರಿದರೂ, ಮೋಟಾರಿನ ಎನ್‌ಆರ್‌ವಿ ಬಿಗಿಯಾಗಿ ಕೂರದಿದ್ದರೆ ಕಂಬ ಕೆಳಗಿಳಿಯಬೇಕು, ಆದರೆ ಮೇಲಿನ ವಾಲ್ವ್ ಗಾಳಿ ಒಳಗೆ ಬಿಡುವುದಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ 9 ಮೀಟರಿಗೆ ಚೂರು ಮೇಲಿನ ನೀರಿನ ಕಂಬವನ್ನಷ್ಟೇ ಎತ್ತಿ ಹಿಡಿಯಬಲ್ಲದು. ಸಂಪಿನ ನೀರಿನಿಂದ ಆ ವಾಲ್ವಿಗೆ 11 ಮೀಟರ್. ಫುಟ್‌ವಾಲ್ವ್ ಸೋರಿದ ರಾತ್ರಿ ಮೇಲೆ ಒಂದೂವರೆ ಮೀಟರಿನಷ್ಟು ಜಾಗ ಬರಿದಾಗುತ್ತಿತ್ತು. ಬೆಳಿಗ್ಗೆ ಮೋಟಾರು ಹಾಕಿದಾಗ ಗಾಳಿಯ ಮೆತ್ತೆ ಇಲ್ಲದ ಆ ಜಾಗಕ್ಕೆ ನೀರು ನುಗ್ಗಿ ವಾಲ್ವಿಗೆ ಬಡಿಯುತ್ತಿತ್ತು. ಮೇಲಿನ ಎನ್‌ಆರ್‌ವಿ ತೆಗೆದು ನೇರ ಪೈಪು ಹಾಕಿದರು, ಫುಟ್‌ವಾಲ್ವಿನ ವಾಷರ್ ಬದಲಿಸಿದರು. ಆ ಗುದ್ದು ಮತ್ತೆ ಬರಲಿಲ್ಲ.

ಬಾಲ್ ಕಾಕಿನ ಡರ್ರ್ ಚಿಕ್ಕ ವಿಷಯ. ಬೀಳುವ ನೀರಿನಿಂದ ಸಂಪಿನಲ್ಲಿ ಅಲೆ ಎದ್ದು ಚೆಂಡು ಕುಣಿಯುತ್ತದೆ, ಕಾಕು ಮುಚ್ಚಿ ತೆರೆದು ನಡುಗುತ್ತದೆ. ಕಾಕಿನ ಬಾಯಿಗೆ ಪೈಪಿನ ತುಂಡು ಸಿಕ್ಕಿಸಿ ನೀರನ್ನು ಚೆಂಡಿನಿಂದ ದೂರದ ಮೂಲೆಗೆ ಬಿಟ್ಟರು. ಆ ತುಂಡನ್ನು ನೀರಿನೊಳಗೆ ಮುಳುಗಿಸಲಿಲ್ಲ, ಮುಳುಗಿದರೆ ಸರಬರಾಜು ನಿಂತಾಗ ಸಂಪಿನ ನೀರು ವಾಪಸ್ಸು ಬೀದಿ ಪೈಪಿಗೆ ಎಳೆದುಹೋಗಬಹುದು. ಸವೆದ ವಾಷರನ್ನೂ ಬದಲಿಸಿದರು.

ಆರು ತಿಂಗಳ ಮೇಲೆ

ಪ್ರೆಷರ್ ಟ್ಯಾಂಕಿನ ಗಾಳಿ 16ರಿಂದ 14ಕ್ಕೆ ಇಳಿದಿತ್ತು. ಸೈಕಲ್ ಪಂಪಿನಲ್ಲಿ ನಾಲ್ಕು ಸಲ ಒತ್ತಿ ಸರಿ ಮಾಡಿದರು. ಮುಂದಿನ ತಾರೀಕನ್ನು ಟ್ಯಾಂಕಿನ ಮೇಲೆಯೇ ಮಾರ್ಕರಿನಲ್ಲಿ ಬರೆದಿದ್ದಾರೆ. ದೇವರಮನೆಯ ಗೋಡೆ ಒಣಗಿದೆ, ಬಣ್ಣ ಆಗಿದೆ. ಅಡುಗೆಮನೆಯ ಕಾಲು ಸುತ್ತಿನ ನಲ್ಲಿಯನ್ನು ಪಟ್ಟನೆ ಮುಚ್ಚಿದರೆ ಈಗಲೂ ಒಂದು ಟಕ್ ಕೇಳುತ್ತದೆ. ಹಳೇ ಕಾಲದ ಸ್ಕ್ರೂ ನಲ್ಲಿಯನ್ನು ಮುಚ್ಚಲು ನಾಲ್ಕು ಸುತ್ತು ಬೇಕಿತ್ತು, ನೀರಿಗೆ ನಿಧಾನವಾಗಿ ನಿಲ್ಲಲು ಹೊತ್ತು ಸಿಗುತ್ತಿತ್ತು. ಈ ಸೆರಾಮಿಕ್ ನಲ್ಲಿಗಳಲ್ಲಿ ಅದು ಕೈಯ ವೇಗಕ್ಕೆ ಬಿಟ್ಟದ್ದು. ಅಲ್ಲಿಗೂ ಒಂದು ಅರೆಸ್ಟರ್ ಹಾಕೋಣವೇ ಅಂತ ಕೇಳಿದ್ದಕ್ಕೆ ಮನೆಯಾಕೆ, "ಬೇಡಪ್ಪ, ನಿಧಾನಕ್ಕೆ ತಿರುಗಿಸ್ತೀನಿ" ಅಂದರು.